ಜಾರ್ಜ್ ರೊಮೇರೊ: ಚಾಕೊಲೇಟ್ ಪಾಕದ ರಕ್ತ, ಕಡಿಮೆ ಬಂಡವಾಳದ ಭಯ

ಯಾರು ಈ ರೊಮೇರೊ?

ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನುವ ‘ಜಾಂಬಿ’ ಕಥೆಗಳು ಇಂದು ಸಿನಿಮಾ, ವೆಬ್ ಸರಣಿ, ವಿಡಿಯೊ ಗೇಮ್ ಎಲ್ಲೆಡೆ ಇವೆ. ಈ ಮಾದರಿಗೆ ಈಗಿನ ರೂಪ ಕೊಟ್ಟವರು ಅಮೆರಿಕದ ನಿರ್ದೇಶಕ ಜಾರ್ಜ್ ಎ. ರೊಮೇರೊ (1940–2017). ನ್ಯೂಯಾರ್ಕಿನಲ್ಲಿ ಹುಟ್ಟಿದ ಅವರು ಓದಲೆಂದು ಉಕ್ಕಿನ ಕಾರ್ಖಾನೆಗಳ ಊರಾದ ಪಿಟ್ಸ್‌ಬರ್ಗಿಗೆ ಬಂದು ಅಲ್ಲೇ ನೆಲೆಸಿದರು. ಹಾಲಿವುಡ್‌ಗೆ ಬಹುದೂರದ ಆ ಊರಿನ ಸುತ್ತಮುತ್ತಲೇ ಹೆಸರಾಂತ ಚಿತ್ರಗಳನ್ನು ತೆಗೆದರು. ದೊಡ್ಡ ಸ್ಟುಡಿಯೊದ ಹಣವಿಲ್ಲದೆ, ತಾವೇ ಬಂಡವಾಳ ಕೂಡಿಸಿಕೊಂಡು ಚಿತ್ರ ಮಾಡುವವರನ್ನು ಸ್ವತಂತ್ರ ನಿರ್ದೇಶಕರು ಎನ್ನುತ್ತಾರೆ; ರೊಮೇರೊ ಅಂಥವರಲ್ಲೊಬ್ಬರು.

ಕಸುಬು ಕಲಿತದ್ದು

ಗೆಳೆಯರೊಂದಿಗೆ ಜಾಹೀರಾತು ಚಿತ್ರಗಳ ಸಂಸ್ಥೆ ನಡೆಸುತ್ತ ಅವರು ಕ್ಯಾಮೆರಾ, ಬೆಳಕು, ಸಂಕಲನಗಳನ್ನು ಕಲಿತರು. ಮಕ್ಕಳ ಟಿವಿ ಕಾರ್ಯಕ್ರಮವೊಂದಕ್ಕಾಗಿ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ಕಿರುಚಿತ್ರವನ್ನೂ ತೆಗೆದರು. ತಾವು ಮಾಡಿದ ಅತಿ ಭಯಾನಕ ಚಿತ್ರ ಅದೇ ಎಂದು ಮುಂದೆ ತಮಾಷೆ ಮಾಡುತ್ತಿದ್ದರು.

ಮೊದಲ ಚಿತ್ರ

‘ನೈಟ್ ಆಫ್ ದ ಲಿವಿಂಗ್ ಡೆಡ್’ (1968) ಚಿತ್ರಕ್ಕೆ ಹತ್ತು ಜನ ತಲಾ 600 ಡಾಲರ್ ಹಾಕಿ ಆರಂಭಿಸಿದರು. ಮುಗಿಯುವಾಗ ಒಟ್ಟು ವೆಚ್ಚ ಸುಮಾರು 1,14,000 ಡಾಲರ್ ಆಗಿತ್ತು. ಇವಾನ್ಸ್ ಸಿಟಿ ಎಂಬ ಊರಿನ ಬಳಿ ಕೆಡವಲಿದ್ದ ತೋಟದ ಮನೆಯೊಂದು ಸಿಕ್ಕಿತು. ಹೇಗೂ ಬೀಳುವ ಮನೆಯಾದ್ದರಿಂದ ಕಿಟಕಿ ಒಡೆಯಲೂ ಗೋಡೆಗೆ ಮೊಳೆ ಹೊಡೆಯಲೂ ಅಡ್ಡಿಯಿರಲಿಲ್ಲ. ಅಗ್ಗವೆಂದು ಕಪ್ಪು-ಬಿಳುಪು ಫಿಲ್ಮ್ ಆರಿಸಿಕೊಂಡರು. ಬಣ್ಣವಿಲ್ಲದ ಮೇಲೆ ರಕ್ತ ಕೆಂಪಾಗಿರಬೇಕೆಂದೇನೂ ಇಲ್ಲವಲ್ಲ. ಅಂಗಡಿಯಲ್ಲಿ ಸಿಗುವ ಚಾಕೊಲೇಟ್ ಪಾಕವೇ ಸಾಕಾಯಿತು. ಹಣ ಹೂಡಿದವರೇ ಪಾತ್ರ ಮಾಡಿದರು, ಮೇಕಪ್ ಹಚ್ಚಿದರು. ಅವರಲ್ಲೊಬ್ಬ ಮಾಂಸದ ವ್ಯಾಪಾರಿ ಕರುಳು, ಮಾಂಸ ತಂದುಕೊಟ್ಟ.

ಬಡತನವೇ ಇಲ್ಲಿ ಶೈಲಿಯಾಯಿತು. ಒರಟಾದ ಕಪ್ಪು-ಬಿಳುಪು ದೃಶ್ಯಗಳು ಆ ಕಾಲದ ಟಿವಿ ವಾರ್ತೆಯಂತೆ ಕಂಡವು. ಒಂದೇ ಮನೆಯೊಳಗಿನ ಕಥೆ ಉಸಿರುಗಟ್ಟಿಸಿತು. ನಾಯಕನಾಗಿ ಕಪ್ಪು ವರ್ಣೀಯ ನಟ ಡ್ವೇನ್ ಜೋನ್ಸ್ ಇದ್ದರು. ರಾತ್ರಿಯಿಡೀ ಹೋರಾಡಿ ಉಳಿದ ಆ ನಾಯಕನನ್ನು ಬೆಳಿಗ್ಗೆ ಕಾಪಾಡಲು ಬಂದವರೇ ಗುಂಡಿಕ್ಕುತ್ತಾರೆ. ಇಷ್ಟಾಗಿ, ಚಿತ್ರದಲ್ಲಿ ‘ಜಾಂಬಿ’ ಎಂಬ ಪದ ಎಲ್ಲೂ ಬರುವುದಿಲ್ಲ.

ಕೈತಪ್ಪಿದ ಹಕ್ಕು

ಅಂದಿನ ಅಮೆರಿಕದ ಕಾನೂನಿನಂತೆ ಬಿಡುಗಡೆಯಾಗುವ ಪ್ರತಿಯಲ್ಲಿ ಕೃತಿಸ್ವಾಮ್ಯದ ಸೂಚನೆ ಇರಲೇಬೇಕಿತ್ತು. ಚಿತ್ರಕ್ಕೆ ಮೊದಲಿದ್ದ ಹೆಸರು ‘ನೈಟ್ ಆಫ್ ದ ಫ್ಲೆಶ್ ಈಟರ್ಸ್’. ಸೂಚನೆ ಆ ಶೀರ್ಷಿಕೆಯ ಫಲಕದ ಮೇಲಿತ್ತು. ವಿತರಕರು ಹೆಸರು ಬದಲಿಸಿ ಹೊಸ ಫಲಕ ಹಾಕಿದಾಗ ಆ ಒಂದು ಸಾಲು ಬಿಟ್ಟುಹೋಯಿತು. ಚಿತ್ರ ಸಾರ್ವಜನಿಕ ಸ್ವತ್ತಾಯಿತು. ಯಾವ ಚಿತ್ರಮಂದಿರವಾದರೂ, ಟಿವಿ ವಾಹಿನಿಯಾದರೂ, ಕ್ಯಾಸೆಟ್ ಮಾರುವವರಾದರೂ ಬಿಡಿಗಾಸು ಕೊಡದೆ ಬಳಸಬಹುದಿತ್ತು. ಚಿತ್ರ ಜಗತ್ತೆಲ್ಲ ಹರಡಿದ್ದರಲ್ಲಿ ಈ ನಷ್ಟದ ಪಾಲೂ ಇದೆ. 1999ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ಮಾಲ್‌ನಲ್ಲಿ ರಾತ್ರಿಪಾಳಿ

‘ಡಾನ್ ಆಫ್ ದ ಡೆಡ್’ (1978) ಚಿತ್ರಕ್ಕೆ ಇಟಲಿಯ ನಿರ್ದೇಶಕ ಡಾರಿಯೊ ಅರ್ಜೆಂಟೊ ಬಂಡವಾಳಕ್ಕೆ ನೆರವಾದರು. ಚಿತ್ರೀಕರಣ ನಡೆದದ್ದು ಪಿಟ್ಸ್‌ಬರ್ಗ್ ಬಳಿಯ ಮನ್ರೋವಿಲ್ ಮಾಲ್‌ನಲ್ಲಿ. ಅಂಗಡಿ ಮುಚ್ಚಿದ ಮೇಲೆ ಕೆಲಸ ಶುರು, ಬೆಳಗಾಗುವಷ್ಟರಲ್ಲಿ ಗಂಟುಮೂಟೆ. ಕ್ರಿಸ್‌ಮಸ್ ಅಲಂಕಾರ ಬಂದಾಗ ಚಿತ್ರೀಕರಣವನ್ನೇ ನಿಲ್ಲಿಸಬೇಕಾಯಿತು. ಸತ್ತ ಮೇಲೂ ಅಭ್ಯಾಸಬಲದಿಂದ ಮಾಲ್‌ಗೆ ಬಂದು ಅಲೆಯುವ ದೇಹಗಳು ಕೊಳ್ಳುಬಾಕತನದ ಮೇಲಿನ ವ್ಯಂಗ್ಯವೂ ಹೌದು.

ಅರ್ಧ ಬಂಡವಾಳ, ಪೂರ್ಣ ಸ್ವಾತಂತ್ರ್ಯ

‘ಡೇ ಆಫ್ ದ ಡೆಡ್’ (1985) ಚಿತ್ರಕ್ಕೆ 70 ಲಕ್ಷ ಡಾಲರ್ ಸಿಗುವುದಿತ್ತು; ಆದರೆ ವಯೋಮಿತಿಯ ದರ್ಜೆಗೆ ತಕ್ಕಂತೆ ಹಿಂಸೆಯನ್ನು ತಗ್ಗಿಸಬೇಕಿತ್ತು. ರೊಮೇರೊ ಒಪ್ಪಲಿಲ್ಲ. 35 ಲಕ್ಷವನ್ನೇ ಪಡೆದು ಚಿತ್ರಕಥೆಯನ್ನು ಕುಗ್ಗಿಸಿ ಬರೆದರು. ಮುಂದೆ 2005ರಲ್ಲಿ ಯೂನಿವರ್ಸಲ್ ಸ್ಟುಡಿಯೊಗೆ ‘ಲ್ಯಾಂಡ್ ಆಫ್ ದ ಡೆಡ್’ ಮಾಡಿದರೂ, ಎರಡೇ ವರ್ಷದಲ್ಲಿ ಸಣ್ಣ ಬಂಡವಾಳಕ್ಕೆ ಮರಳಿದರು. ಆಗ ಬಂದ ‘ಡೈರಿ ಆಫ್ ದ ಡೆಡ್’ ಚಿತ್ರದ ಆರಂಭದಲ್ಲಿ ಕೆಲವು ವಿದ್ಯಾರ್ಥಿಗಳು ಕಾಡಿನಲ್ಲಿ ಪುಡಿಗಾಸಿನ ಭಯಾನಕ ಚಿತ್ರ ತೆಗೆಯುತ್ತಿರುತ್ತಾರೆ. ಮಮ್ಮಿಯ (ಬಟ್ಟೆ ಸುತ್ತಿಟ್ಟ ಪುರಾತನ ಶವದ) ವೇಷ ತೊಟ್ಟ ಹುಡುಗ ಓಡಿ ಬಂದಾಗ ನಿರ್ದೇಶಕ ಗದರುತ್ತಾನೆ: ಸತ್ತವರು ಓಡುವುದಿಲ್ಲ, ನಿಧಾನ ಬಾ.