ಮಡಿಕೇರಿಯ ಗೈಡ್ ಹೇಳದ ಹೆಸರುಗಳು

ಮಡಿಕೇರಿಯನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಹುದು ಎನ್ನುವವರಿದ್ದಾರೆ. ಕಾಲಿನಲ್ಲಿ ಕಸುವಿದ್ದರೆ ಅದು ನಿಜವೇ. ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದ ಈ ಊರಿನಲ್ಲಿ ಕೋಟೆ, ದೇವಾಲಯ, ಗದ್ದಿಗೆ, ರಾಜಾಸೀಟು ಎಲ್ಲವೂ ಹತ್ತಿರ ಹತ್ತಿರವೇ ಇವೆ. ಆದರೆ ಯಾವುದೂ ನಾವು ಎಣಿಸಿದ ರೂಪದಲ್ಲಿಲ್ಲ. ಶಿವಾಲಯಕ್ಕೆ ಗುಮ್ಮಟ, ಮಿನಾರುಗಳಿವೆ. ಕೋಟೆಯೊಳಗಿನ ಇಗರ್ಜಿ ವಸ್ತುಸಂಗ್ರಹಾಲಯವಾಗಿದೆ. ಅರಮನೆಯ ಅಂಗಳದಲ್ಲಿ ಗಾರೆಯ ಆನೆಗಳು ನಿಂತಿವೆ. ಹೊಸಬರಿಗೆ ಗೈಡ್ ಇಲ್ಲದೆ ಒಂದೂ ಅರ್ಥವಾಗುವುದಿಲ್ಲ.

ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರೆದುಕೊಂಡು ಹೋದಾಗ ನಾವೂ ಒಬ್ಬ ಗೈಡನ್ನು ಗೊತ್ತುಮಾಡಿಕೊಂಡೆವು. ಆತ ಮಾತುಗಾರ, ಮಕ್ಕಳನ್ನು ನಗಿಸಬಲ್ಲವನು. ಮೊದಲು ಗದ್ದಿಗೆಗೆ ಕರೆದೊಯ್ದ. ಹಾಲೇರಿ ಅರಸರು ವೀರಶೈವರು. ಅವರ ಸಮಾಧಿಗಳ ಮೇಲೆ ಗುಮ್ಮಟಗಳಿವೆ, ಮೂಲೆಗಳಲ್ಲಿ ಮಿನಾರುಗಳಿವೆ, ನಡುವೆ ನಂದಿಯೂ ಇದೆ. ದೊಡ್ಡ ಕಟ್ಟಡ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮನದು. ಪಕ್ಕದ್ದು ಅವನ ತಮ್ಮ ಲಿಂಗರಾಜೇಂದ್ರನದು. ಇನ್ನೊಂದು ರಾಜಗುರು ರುದ್ರಪ್ಪನದು. ಟಿಪ್ಪುವಿನ ವಿರುದ್ಧ ಹೋರಾಡಿದ ಬಿದ್ದಂಡ ಬೋಪುವಿಗೂ ಅವನ ಮಗ ಸೋಮಯ್ಯನಿಗೂ ಅಲ್ಲಿ ಜಾಗ ಸಿಕ್ಕಿದೆ. ಸೇನಾನಿಗಳನ್ನು ಅರಸರ ಬಳಿಯಲ್ಲೇ ಮಲಗಿಸಿದ್ದು ನನಗೆ ಬಹಳ ಹಿಡಿಸಿತು.

ಅಲ್ಲಿಂದ ಕೋಟೆಗೆ ಬಂದೆವು. 1681ರಲ್ಲಿ ಮುದ್ದುರಾಜ ಊರು ಕಟ್ಟಿದ, 'ಮುದ್ದುರಾಜನ ಕೇರಿ'ಯೇ ಮಡಿಕೇರಿಯಾಯಿತು ಎಂದು ಹೇಳುತ್ತಾರೆ. ಅವನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟ. ಈಗಿನ ಅರಮನೆ 1812ರಿಂದ 1814ರವರೆಗೆ ಲಿಂಗರಾಜೇಂದ್ರನ ಕಾಲದಲ್ಲಿ ಎದ್ದದ್ದು. ಆನೆಗಳ ಹತ್ತಿರ ಗೈಡ್ ದನಿ ತಗ್ಗಿಸಿದ. ದಿನವೂ ಬೆಳಗ್ಗೆ ಅರಸನಿಗೆ ವಂದಿಸಲು ಬರುತ್ತಿದ್ದ ಎರಡು ಆನೆಗಳು ಒಂದು ದಿನ ತಡಮಾಡಿದವಂತೆ. ಅರಸ ಸಿಟ್ಟಿನಲ್ಲಿ ಅವನ್ನು ಕೊಂದನಂತೆ. ಆಮೇಲೆ ಪಶ್ಚಾತ್ತಾಪಪಟ್ಟು ಈ ಗಾರೆಯ ಆನೆಗಳನ್ನು ಮಾಡಿಸಿದನಂತೆ.

ಓಂಕಾರೇಶ್ವರ ದೇವಾಲಯದ ಕತೆಯೂ ಇದೇ ಜಾಡಿನದು. ಲಿಂಗರಾಜೇಂದ್ರ ಒಬ್ಬ ಸಾತ್ವಿಕ ಬ್ರಾಹ್ಮಣನನ್ನು ಕೊಲ್ಲಿಸಿದನಂತೆ. ಅವನು ಬ್ರಹ್ಮರಾಕ್ಷಸನಾಗಿ ಅರಸನನ್ನು ಕಾಡಿದನಂತೆ. ಪರಿಹಾರಕ್ಕಾಗಿ ಕಾಶಿಯಿಂದ ಲಿಂಗ ತರಿಸಿ 1820ರಲ್ಲಿ ಗುಡಿ ಕಟ್ಟಿಸಿದ್ದಂತೆ. ಮಧ್ಯಾಹ್ನ ನೋಡಿದ ಅಬ್ಬಿ ಜಲಪಾತದಲ್ಲೂ ಕತೆಗೆ ಕೊರತೆಯಿರಲಿಲ್ಲ. ಬ್ರಿಟಿಷ್ ಅಧಿಕಾರಿಯೊಬ್ಬನ ಮಗಳ ನೆನಪಿಗೆ ಅದನ್ನು ಹಿಂದೆ 'ಜೆಸ್ಸಿ ಜಲಪಾತ' ಎನ್ನುತ್ತಿದ್ದರು ಎಂದ.

ಆಗ ನಮ್ಮ ಹುಡುಗಿಯೊಬ್ಬಳು ಕೇಳಿದಳು: "ದೊರೆಯ ಮಗಳ ಹೆಸರು ಗೊತ್ತಿದೆ. ನಮ್ಮ ರಾಜರಿಗೆ ಹೆಣ್ಣುಮಕ್ಕಳೇ ಇರಲಿಲ್ಲವೇ?" ಗೈಡ್ ನಕ್ಕು ಮುಂದೆ ನಡೆದ. ಚರಿತ್ರೆ ಕಲಿಸುವ ನಾನು ಹಾಗೆ ನಕ್ಕು ದಾಟುವಂತಿರಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ನನಗೆ ತಿಳಿದದ್ದನ್ನು ಹೇಳಿದೆ.

ಹೆಣ್ಣುಮಕ್ಕಳಿದ್ದರು. ಬೆಳಗ್ಗೆ ನೋಡಿದ ಗದ್ದಿಗೆಯ ದೊಡ್ಡವೀರರಾಜೇಂದ್ರನಿಗೆ ಗಂಡುಮಕ್ಕಳಿರಲಿಲ್ಲ. ತನ್ನ ನಂತರ ಮಗಳು ದೇವಮ್ಮಾಜಿ ಪಟ್ಟಕ್ಕೆ ಬರಬೇಕೆಂಬುದು ಅವನ ಇಚ್ಛೆ. 1809ರಲ್ಲಿ ಅವನು ತೀರಿಕೊಂಡಾಗ ಅವಳು ಇನ್ನೂ ಚಿಕ್ಕವಳು. 1811ರಲ್ಲಿ ಚಿಕ್ಕಪ್ಪ ಲಿಂಗರಾಜೇಂದ್ರ ಅವಳನ್ನು ಬದಿಗೆ ಸರಿಸಿ ತಾನೇ ಅರಸನಾದ. ಆನೆಯ ಅಂಗಳದ ಅರಮನೆಯನ್ನೂ ಓಂಕಾರೇಶ್ವರ ಗುಡಿಯನ್ನೂ ಕಟ್ಟಿಸಿದವನು ಇವನೇ. ಇವನ ಮಗಳ ಹೆಸರೂ ದೇವಮ್ಮಾಜಿ. ಅಣ್ಣ ಚಿಕ್ಕವೀರರಾಜೇಂದ್ರನ ಭಯಕ್ಕೆ ಆಕೆ 1832ರಲ್ಲಿ ಗಂಡ ಚನ್ನಬಸಪ್ಪನೊಡನೆ ಕೊಡಗು ಬಿಟ್ಟು ಬ್ರಿಟಿಷರ ಆಶ್ರಯಕ್ಕೆ ಓಡಬೇಕಾಯಿತು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡಿತು.

ಪದಚ್ಯುತನಾದ ಚಿಕ್ಕವೀರನ ಕತೆಯನ್ನು ಮಾಸ್ತಿಯವರ ಕಾದಂಬರಿಯಿಂದ ಕನ್ನಡಿಗರೆಲ್ಲ ಬಲ್ಲರು. ಅವನನ್ನು ಕಾಶಿಯಲ್ಲಿ ಇರಿಸಿದರು. ತಂದೆ ಯಾವ ಊರಿನಿಂದ ಲಿಂಗ ತರಿಸಿದನೋ ಮಗನ ಪಾಲಿಗೆ ಅದೇ ಊರು ಸೆರೆಯಾಯಿತು. ಅಲ್ಲಿ 1841ರಲ್ಲಿ ಹುಟ್ಟಿದವಳು ಗೌರಮ್ಮ. ಕಂಪನಿಯಿಂದ ತನಗೆ ಬರಬೇಕಾದ ಹಣವನ್ನು ಕೇಳಲು 1852ರಲ್ಲಿ ಲಂಡನ್ನಿಗೆ ಹೊರಟಾಗ ಅವನು ಈ ಮಗಳನ್ನೂ ಜೊತೆಗೆ ಕರೆದೊಯ್ದ. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನು ಕೊಟ್ಟಳು. ವಯಸ್ಸು ಹನ್ನೊಂದು, ಎಂದರೆ ಬಸ್ಸಿನಲ್ಲಿ ಕುಳಿತಿದ್ದ ಮಕ್ಕಳಿಗಿಂತ ಎರಡು ಮೂರು ವರ್ಷ ಕಡಿಮೆ. ಚಿಕ್ಕವೀರ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಗೌರಮ್ಮ ಕರ್ನಲ್ ಕ್ಯಾಂಪ್‌ಬೆಲ್ ಎಂಬವನನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ಕಣ್ಣುಮುಚ್ಚಿದಳು. ಅವಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ನಿನಲ್ಲಿದೆ.

ಹುಡುಗಿಯರು ಬಹಳ ಹೊತ್ತು ಮಾತಾಡಲಿಲ್ಲ. "ಅವಳಿಗೆ ಕನ್ನಡ ಬರುತ್ತಿತ್ತೇ ಟೀಚರ್?" ಎಂದು ಮಾತ್ರ ಒಬ್ಬಳು ಕೇಳಿದಳು.

ಗೈಡನ್ನು ನಾನು ದೂರುವುದಿಲ್ಲ. ಬರುವವರು ಅರ್ಧ ಗಂಟೆಯಲ್ಲಿ ಒಂದು ಕತೆ ಬೇಡುತ್ತಾರೆ. ತೋರಿಸಲು ಕಲ್ಲೋ ಗಾರೆಯೋ ಇದ್ದರೆ ಕತೆಗೆ ಕಾಲು ಬರುತ್ತದೆ. ಗೌರಮ್ಮ ಮಡಿಕೇರಿಯನ್ನು ಕಂಡವಳೇ ಅಲ್ಲ, ಅವಳದೆಂದು ತೋರಿಸಲು ಅವನ ದಾರಿಯಲ್ಲಿ ಏನಿದೆ? ಆದರೆ ಅವಳು ಕಾಣದೆ ಹೋದದ್ದಕ್ಕೆ ಕಾರಣ ಇದೇ ಅರಮನೆಯಲ್ಲಿ ನಡೆದದ್ದಲ್ಲವೇ? ಅರಸನ ಸಿಟ್ಟಿಗೆ ಸತ್ತ ಆನೆಗಳಿಗೆ ಅಂಗಳದಲ್ಲಿ ಗುರುತಿರುವಾಗ, ಅದೇ ಅರಮನೆಯ ಜಗಳಗಳಿಗೆ ಸಿಕ್ಕಿದ ಹೆಣ್ಣುಮಕ್ಕಳ ಗುರುತನ್ನು ನಾವಾದರೂ ಬಾಯಿಮಾತಿನಲ್ಲಿ ಉಳಿಸಬೇಕು.

ಸಂಜೆ ರಾಜಾಸೀಟಿನಲ್ಲಿ ನಿಂತರೆ ಪಶ್ಚಿಮದ ಕಣಿವೆಯೆಲ್ಲ ಕೆಂಪಾಗುತ್ತದೆ. ಅರಸರು ಇಲ್ಲಿಂದ ಸೂರ್ಯಾಸ್ತ ನೋಡುತ್ತಿದ್ದರು ಎಂದು ಗೈಡ್ ಹೇಳಿಯೇ ಹೇಳುತ್ತಾನೆ. ನೀವು ಮಕ್ಕಳೊಡನೆ ಹೋದಾಗ ಅವನ ಕತೆಯನ್ನು ಸಂತೋಷದಿಂದ ಕೇಳಿ. ಅವನ ಮಾತು ಮುಗಿದ ಮೇಲೆ, ಇಬ್ಬರು ದೇವಮ್ಮಾಜಿಯರ ಮತ್ತು ಗೌರಮ್ಮನ ಹೆಸರನ್ನು ನೀವು ಹೇಳಿ. ಎರಡು ನಿಮಿಷ ಸಾಕು.