ಒಂದೇ ಪರದೆಯ ಮೇಲೆ ಐದು ಬಾಣ

"ಜರಾ ನನಗೂ ಕೊಡಲೇ." ಕಲಬುರಗಿ ಸೀಮೆಯ ಶಾಲೆಗಳ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಎರಡು ನಿಮಿಷ ನಿಂತರೆ ಕಿವಿಗೆ ಬೀಳುವ ಮಾತಿದು. ಪರದೆಯ ಮುಂದೆ ನಾಲ್ಕೈದು ಮಕ್ಕಳು. ನಡುವೆ ಕೂತವನ ಕೈಯಲ್ಲಿ ಮೌಸ್. ಹಿಂದೆ ನಿಂತ ಹುಡುಗಿ ಹೆಗಲುಗಳ ಸಂದಿಯಿಂದ ಇಣುಕುತ್ತಾಳೆ. ಗಂಟೆ ಹೊಡೆಯುವವರೆಗೂ ಮೌಸ್ ಕೈ ಬದಲಾಗುವುದಿಲ್ಲ. ನಾನು ಇದನ್ನು ಮಕ್ಕಳ ಸಣ್ಣಪುಟ್ಟ ತಂಟೆ ಎಂದೇ ತಿಳಿದಿದ್ದೆ. ಆದರೆ ಇದೇ ತಂಟೆಯನ್ನು ಹಿಡಿದು ಬೆಂಗಳೂರಿನಲ್ಲಿ ಒಂದು ಗಂಭೀರ ಸಂಶೋಧನೆ ಬೆಳೆಯಿತು.

ಮೌಸ್ ಹುಟ್ಟಿದ್ದೇ ಒಬ್ಬನ ಕೈಗಾಗಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅದನ್ನು ಸಭೆಯ ಮುಂದಿಟ್ಟರು. ಆಮೇಲೆ ಬಂದ ಕಂಪ್ಯೂಟರುಗಳೂ ಒಂದು ಮೇಜು, ಒಬ್ಬ ಮನುಷ್ಯ, ಒಂದು ಬಾಣ ಎಂಬ ಲೆಕ್ಕವನ್ನೇ ನಂಬಿದವು. ಇವತ್ತಿಗೂ ಮಾಮೂಲಿ ಕಂಪ್ಯೂಟರಿಗೆ ಎರಡು ಮೌಸ್ ಚುಚ್ಚಿ ನೋಡಿ, ಕಾಣುವುದು ಒಂದೇ ಬಾಣ. ಎರಡೂ ಮೌಸುಗಳ ಚಲನೆಯನ್ನು ಯಂತ್ರ ಒಟ್ಟು ಮಾಡಿ ಆ ಒಂದು ಬಾಣಕ್ಕೇ ಉಣಿಸುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು ಒಂದು ಮೂಡಣಕ್ಕೆ, ಇನ್ನೊಂದು ಪಡುವಣಕ್ಕೆ ಎಳೆದಂತೆ ಬಾಣ ಒದ್ದಾಡುತ್ತದೆ. ಯಾವ ಚಲನೆ ಯಾವ ಮೌಸಿನದು ಎಂಬುದು ಯಂತ್ರದ ಒಳಗೆ ಗೊತ್ತಿರುತ್ತದೆ. ಆ ಗುರುತನ್ನು ಕೆಡಿಸದೆ ತಂತ್ರಾಂಶಕ್ಕೆ ತಲುಪಿಸಿದರೆ ಎರಡು ಬಾಣ ಮೂಡುತ್ತವೆ.

ಈ ದಾರಿಯನ್ನು 1991ರಲ್ಲಿ ಜೆರಾಕ್ಸ್ ಸಂಶೋಧನಾಲಯದ ಎರಿಕ್ ಬಿಯರ್ ಮತ್ತು ಸ್ಟೀವ್ ಫ್ರೀಮನ್ ತೋರಿಸಿದರು. ಅವರ ತಂತ್ರಾಂಶದಲ್ಲಿ ಹಲವರು ಒಂದೇ ಪರದೆಯ ಮೇಲೆ ಒಟ್ಟಿಗೆ ತಿದ್ದಬಹುದಿತ್ತು. ಕೆನಡಾದಲ್ಲಿ ಕೋರಿ ಇಂಕ್‌ಪೆನ್ ಮತ್ತು ಸಂಗಡಿಗರು ಒಂದೇ ಕಂಪ್ಯೂಟರಿನಲ್ಲಿ ಜೊತೆಯಾಗಿ ಒಗಟು ಬಿಡಿಸುವ ಮಕ್ಕಳನ್ನು ಗಮನಿಸಿ, ಕೂಡಿ ಆಡುವುದು ಬೇರೆಬೇರೆ ಆಡುವುದಕ್ಕಿಂತ ಮೇಲು, ಹುಡುಗಿಯರಿಗಂತೂ ಇನ್ನೂ ಮೇಲು ಎಂದು 1995ರಲ್ಲಿ ಬರೆದರು. 1999ರಲ್ಲಿ ಸ್ಟೀವರ್ಟ್, ಬೆಡರ್‌ಸನ್, ಡ್ರೂಯಿನ್ ಎಂಬ ಮೂವರು ಈ ಇಡೀ ಬಗೆಯನ್ನು 'ಸಿಂಗಲ್ ಡಿಸ್‌ಪ್ಲೇ ಗ್ರೂಪ್‌ವೇರ್' ಎಂಬ ಹೆಸರಿನಲ್ಲಿ ವಿವರಿಸಿದರು. ಅಲ್ಲಿಯವರೆಗೆ ಇದು ಅನುಕೂಲವಂತರ ಪ್ರಯೋಗಶಾಲೆಯ ಕುತೂಹಲ. ಹಂಚಿಕೊಳ್ಳದೆ ಗತಿಯಿಲ್ಲ ಎಂಬ ಸ್ಥಿತಿ ಇದ್ದದ್ದು ನಮ್ಮಲ್ಲಿ.

2000ದ ದಶಕದ ಮೊದಲ ವರ್ಷಗಳಲ್ಲಿ ಮಾಹಿತಿ ಸಿಂಧು ಯೋಜನೆ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕೆಗೆ ಕೈಹಾಕಿತು. 2005ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಶುರುವಾಯಿತು. ಅಲ್ಲಿನ ಕೆಂಟಾರೋ ತೊಯಾಮ, ಉದಯ್ ಸಿಂಗ್ ಪವಾರ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ಜೊಯೊಜೀತ್ ಪಾಲ್ ಜೊತೆಗೂಡಿ ಶಾಲೆಗಳತ್ತ ಕಣ್ಣು ಹಾಯಿಸಿದರು. 2006ರಲ್ಲಿ ಅವರು ಬರೆದದ್ದನ್ನು ಓದಿದಾಗ ನನಗೆ ಆ ಬಾಗಿಲ ದೃಶ್ಯವೇ ಕಣ್ಣಿಗೆ ಕಟ್ಟಿತು: ತರಗತಿಯಲ್ಲಿ ಮೊದಲೇ ಮುಂದಿರುವ ಮಕ್ಕಳು ಪರದೆಯ ಎದುರಿನ ಜಾಗ ಹಿಡಿಯುತ್ತಾರೆ, ಮೌಸ್ ಅವರ ಪಾಲಾಗುತ್ತದೆ, ಮೌಸ್ ಹಿಡಿದವರೇ ಹೆಚ್ಚು ಕಲಿಯುತ್ತಾರೆ. ಹಿಂದುಳಿದವರನ್ನು ಮೇಲೆತ್ತಲೆಂದು ತಂದ ಯಂತ್ರ ಅಂತರವನ್ನೇ ಹಿಗ್ಗಿಸುತ್ತಿತ್ತು.

ಮಗುವಿಗೊಂದು ಅಗ್ಗದ ಲ್ಯಾಪ್‌ಟಾಪ್ ಎಂಬ ನಿಕೊಲಸ್ ನೆಗ್ರೊಪಾಂಟೆ ಅವರ ಕೂಗು ಲೋಕದ ತುಂಬ ಮೊಳಗುತ್ತಿದ್ದ ಕಾಲ ಅದು. ಬೆಂಗಳೂರಿನವರು ಎದುರು ದಿಕ್ಕಿನಿಂದ ಬಂದರು: ಯಂತ್ರ ಒಂದೇ ಇರಲಿ, ಮೌಸ್ ಮಾತ್ರ ಮಗುವಿಗೊಂದು. 'ಮಲ್ಟಿಮೌಸ್' ಎಂಬ ಅವರ ತಂತ್ರಾಂಶವನ್ನು ಗ್ರಾಮೀಣ ಭಾರತದ ಬಡ ಕುಟುಂಬಗಳ 238 ಮಕ್ಕಳೊಂದಿಗೆ ಪರೀಕ್ಷಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ, ಇಂಗ್ಲಿಷ್ ಪದಗಳನ್ನು ಕಲಿತು ನೆನಪಿಡುವುದು. ಐದು ಮಕ್ಕಳು ಐದು ಮೌಸ್ ಹಿಡಿದು ಒಂದೇ ಪರದೆಗೆ ಕೂತಾಗ, ಇಡೀ ಕಂಪ್ಯೂಟರ್ ತನ್ನದಾಗಿದ್ದ ಮಗು ಕಲಿತಷ್ಟೇ ಪದಗಳನ್ನು ಹೆಚ್ಚುಕಡಿಮೆ ಪ್ರತಿಯೊಬ್ಬರೂ ಕಲಿತಿದ್ದರು. ಒಂದು ಮೌಸಿನ ಬೆಲೆಗೆ ಒಂದು ಕಂಪ್ಯೂಟರಿನ ಫಲ!

ಆ ಅಧ್ಯಯನದ ನಿಜವಾದ ತಿರುಳು ಬೇರೆಡೆ ಇದೆ. ಅವರು ಆಟವನ್ನು ಎರಡು ಬಗೆಯಲ್ಲಿ ಕಟ್ಟಿದ್ದರು. ಒಂದು ಪೈಪೋಟಿಯದು, ಇನ್ನೊಂದು ಕೂಡಿ ಮುಂದೆ ಸಾಗುವುದು. ನಿಯಮದಲ್ಲಿ ಇಷ್ಟೇ ವ್ಯತ್ಯಾಸ, ಆದರೆ ಮಕ್ಕಳ ನಡವಳಿಕೆಯೂ ಕಲಿಕೆಯೂ ಎದ್ದುಕಾಣುವಷ್ಟು ಬದಲಾದವು. ಹುಡುಗರ ಕಲಿಕೆ ನಿಯಮಕ್ಕೆ ತಕ್ಕಂತೆ ಏರಿಳಿಯಿತು. ಹುಡುಗಿಯರು ಯಾವ ವ್ಯವಸ್ಥೆಯಲ್ಲೂ ಒಂದೇ ಸಮನೆ ಕಲಿತರು. ಇಡೀ ಕ್ಷೇತ್ರದಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇದೇ. ಕೈಗೆ ಮೌಸ್ ಕೊಟ್ಟರೆ ಅರ್ಧ ನ್ಯಾಯ ಮಾತ್ರ. ಉಳಿದರ್ಧ ಪಾಠ ಬರೆದವರ ಕೈಯಲ್ಲಿದೆ.

ಮುಂದಿನ ಕೆಲವು ವರ್ಷ ಈ ಕ್ಷೇತ್ರದ ಸುಗ್ಗಿ. ಮೈಕ್ರೋಸಾಫ್ಟ್ 'ಮಲ್ಟಿಪಾಯಿಂಟ್' ಹೆಸರಿನಲ್ಲಿ ಪರಿಕರಗಳನ್ನು ಹೊರತಂದಿತು. 2009ರ ಒಂದು ಅಧ್ಯಯನ ಒಂದೇ ಪರದೆಯ ಮೇಲೆ 32 ಮೌಸುಗಳವರೆಗೆ ಹೋಯಿತು. ಅದೇ ವರ್ಷ ಬರ್ಕ್ಲಿಯಿಂದ ಬಂದ 'ಮೆಟಾಮೌಸ್' ಹಳೆಯ ಪಾಠಗಳನ್ನೇ ಬಳಸುವ ಉಪಾಯ ಹೂಡಿತು: ಎಲ್ಲರ ಬಾಣಗಳೂ ಒಂದೆಡೆ ಕೂಡಿದರೆ ಮಾತ್ರ ಒತ್ತಿದ್ದು ನಡೆಯುತ್ತದೆ. ಪೀಟರ್ ಹಟರರ್ ಅವರ ಶ್ರಮದಿಂದ ಲಿನಕ್ಸಿನಲ್ಲಿ ಪರದೆ, ಮೌಸುಗಳನ್ನು ನೋಡಿಕೊಳ್ಳುವ ಎಕ್ಸ್ ಸರ್ವರಿನೊಳಗೇ ಹಲವು ಬಾಣಗಳಿಗೆ ಜಾಗ ಸಿಕ್ಕಿದ್ದೂ 2009ರಲ್ಲೇ. 2010ರಲ್ಲಿ ಪವರ್‌ಪಾಯಿಂಟಿಗೆ 'ಮೌಸ್ ಮಿಸ್‌ಚೀಫ್' ಬಂತು.

ಆಮೇಲೆ ಉತ್ಸಾಹ ಇಳಿಯಿತು. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಅನುರಾಗ್ ಬೆಹರ್ 2010ರ ಹೊತ್ತಿಗೆ ಕಂಪ್ಯೂಟರ್ ಕಲಿಕೆಯ ಮಿತಿಗಳನ್ನು ಬಹಿರಂಗವಾಗಿ ಬರೆದರು. ತೊಯಾಮ ತಮ್ಮ 2015ರ 'ಗೀಕ್ ಹೆರಿಸಿ' ಪುಸ್ತಕದಲ್ಲಿ, ತಂತ್ರಜ್ಞಾನ ಇರುವ ಶಕ್ತಿಯನ್ನು ಹಿಗ್ಗಿಸುತ್ತದೆಯೇ ಹೊರತು ಇಲ್ಲದ್ದನ್ನು ತುಂಬದು ಎಂದು ವಾದಿಸಿದರು. ತಾವೇ ಕಟ್ಟಿದ್ದರ ಬಗ್ಗೆ ಇಷ್ಟು ನೇರವಾಗಿ ನುಡಿದದ್ದಕ್ಕೆ ಅವರ ಮೇಲೆ ನನಗೆ ಗೌರವ. ಅವರ ಮಾತನ್ನು ಒಪ್ಪುತ್ತಲೇ, ಮೌಸಿನ ಪ್ರಯೋಗವನ್ನು ಅಷ್ಟು ಬೇಗ ಮೂಲೆಗಿಡಬಾರದಿತ್ತು ಎಂದೂ ನನಗೆ ಅನಿಸುತ್ತದೆ. ಟಚ್ ಪರದೆ ಬಂದು ಮೌಸನ್ನು ಮರೆಸಿತು. ಪರದೆಯನ್ನು ಯಾರು ಮುಟ್ಟುತ್ತಾರೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಹೋದ ರಜೆಯಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಇನ್ನೊಂದು ಮೌಸ್ ಕೊಂಡು ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ನೆಂಟರ ಮನೆಗೆ ಹೋದೆ. ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಎರಡು ಸಾಲಿನ ಆದೇಶ ಕೊಟ್ಟದ್ದೇ ಎರಡನೆಯ ಬಾಣ ಎದ್ದಿತು. ಮನೆಯ ಅಣ್ಣ ತಂಗಿ ಇಬ್ಬರನ್ನೂ ಕೂರಿಸಿ ಜಿಲ್ಲೆಯ ನಕ್ಷೆ ತೆರೆದೆ. ಎರಡೂ ಬಾಣ ಒಂದೆಡೆ ಸೇರಿದ ಮೇಲೇ ಒತ್ತಬೇಕು ಎಂದು ಬಾಯಿಮಾತಿನ ನಿಯಮ ಹಾಕಿ, ಗಾಣಗಾಪುರದ ಸಂಗಮ ಎಲ್ಲಿ ಎಂದು ಕೇಳಿದೆ. ಅಣ್ಣನ ಬಾಣ ಆಳಂದಕ್ಕೆ ಓಡಿತು, ತಂಗಿಯದು ಅಫಜಲಪುರಕ್ಕೆ. ಅಮರ್ಜಾ ಹೊಳಿ ಬರೋದು ಆಳಂದದ ಕಡೆಯಿಂದ ಎಂದು ಅವನ ಹಟ. "ಬರೋದು ಅಲ್ಲಿಂದ ಖರೆ, ಭೀಮಾಕ್ಕ ಕೂಡೋದು ಇಲ್ಲಿ. ನಾ ಅವ್ವನ ಜೋಡಿ ಹೋಗಿ ನೋಡೀನಿ," ಎಂದಳು ತಂಗಿ. ಒಂದಿಷ್ಟು ಹೊತ್ತು ಯಾರೂ ಏನೂ ಒತ್ತಲಿಲ್ಲ. ಕೊನೆಗೆ ಅಣ್ಣನ ಬಾಣ ಮೆಲ್ಲಗೆ ದಕ್ಷಿಣಕ್ಕೆ ಜರುಗಿತು.