ಅಷ್ಟೂರು ಜಾತ್ರೆ

ಅಷ್ಟೂರು ಜಾತ್ರೆ: ಬೀದರ್ ನಗರದ ಪೂರ್ವಕ್ಕಿರುವ ಅಷ್ಟೂರಿನ ಬಹಮನಿ ಗುಮ್ಮಟಗಳ ಬಳಿ ಪ್ರತಿವರ್ಷ ಹೋಳಿ ಹುಣ್ಣಿಮೆಯ ತರುವಾಯ ಹಿಂದೂ-ಮುಸ್ಲಿಮರು ಕೂಡಿ ನಡೆಸುವ ಉರುಸು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಬಹಮನಿ ಸುಲ್ತಾನ ಒಂದನೆಯ ಅಹಮದ್ ಷಾನ (ಆಳ್ವಿಕೆ 1422-36) ಸ್ಮರಣೆಗಾಗಿ ಜರುಗುತ್ತದೆ. ಮುಸ್ಲಿಮರಿಗೆ ಆತ ‘ವಲಿ’, ಅಂದರೆ ಸಂತ. ಲಿಂಗಾಯತ ಭಕ್ತರು ಅವನಲ್ಲಿ ಅಲ್ಲಮಪ್ರಭುವನ್ನು ಕಾಣುತ್ತಾರೆ. ಉರುಸಿನ ದಿನವನ್ನು ಹಿಜರಿ ಪಂಚಾಂಗದ ಬದಲು ಹಿಂದೂ ಪಂಚಾಂಗದಂತೆ ಎಣಿಸುವುದು ಇದರ ಅಪೂರ್ವ ಲಕ್ಷಣ. ಕಲಬುರಗಿ ಜಿಲ್ಲೆಯ ಮಾಡ್ಯಾಳದ ಜಂಗಮರು ಅನುಯಾಯಿಗಳೊಡನೆ ಕಾಲ್ನಡಿಗೆಯಲ್ಲಿ ಬಂದು, ಅಹಮದ್ ಷಾನ ಗೋರಿಯ ಮುಂದೆ ಶಂಖ ಊದಿ, ತೆಂಗಿನಕಾಯಿ ಒಡೆದು, ಹೂವೇರಿಸುತ್ತಾರೆ. ಅದೇ ಗೋರಿಗೆ ಫಾತಿಹಾ ಓದುವುದೂ ಉಂಟು. ದಖ್ಖನಿನ ಕೂಡುಬಾಳಿಗೆ ಇದಕ್ಕಿಂತ ಸ್ಪಷ್ಟವಾದ ಜೀವಂತ ಸಾಕ್ಷ್ಯ ವಿರಳ. ಅವನ ಗುಮ್ಮಟದ ಒಳಗೋಡೆ, ಚಾವಣಿಗಳಲ್ಲಿ ಬಣ್ಣದ ಚಿತ್ತಾರವೂ ಚಿನ್ನದ ಲಿಪಿಯೂ ಉಳಿದಿವೆ. ಸುಲ್ತಾನನು ಗುರುವೆಂದು ನಂಬಿದ್ದ ಇರಾನಿನ ಕಿರ್ಮಾನ್ ಪ್ರಾಂತದ ಸೂಫಿ ಷಾ ನಿಯಾಮತುಲ್ಲಾನ ಪರಂಪರೆಯನ್ನು ಅಲ್ಲಿ ಬರೆಯಲಾಗಿದೆ. ಇನ್ನೊಬ್ಬ ಬಹಮನಿ ಸುಲ್ತಾನ ಹುಮಾಯೂನ್ ಷಾನ ಸಿಡಿಲಿಗೆ ಸೀಳಿದ ಗುಮ್ಮಟವೂ ಇದೇ ಸಾಲಿನಲ್ಲಿದೆ. ಸ್ಮಾರಕಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ.